ಗೇಮ್ ಸಂಗೀತದ ಮರುಸಂಯೋಜನೆ: ಟೆಟ್ರಿಸ್ ಧಾಟಿಗೆ ಬಂದರಿನ ತಾಸೆ

ವಿಡಿಯೋ ಗೇಮ್‌ಗಳ ಹಿನ್ನೆಲೆ ಸಂಗೀತವನ್ನು ಆಯ್ದುಕೊಂಡು, ಮೂಲ ಧಾಟಿಯ ಗುರುತು ಅಳಿಯದಂತೆ ಉಳಿಸಿ, ಹೊಸ ವಾದ್ಯ, ಹೊಸ ಲಯ, ಹೊಸ ವಿನ್ಯಾಸದಲ್ಲಿ ಕಟ್ಟಿ ಧ್ವನಿಮುದ್ರಿಸುವ ಹವ್ಯಾಸವನ್ನು ಗೇಮ್ ರಿಮಿಕ್ಸ್ ಎನ್ನಲಾಗುತ್ತದೆ. ರಿಮಿಕ್ಸ್ ಎಂದೊಡನೆ ಹಳೆಯ ಚಿತ್ರಗೀತೆಗೆ ಡ್ರಮ್ ಬಡಿತ ಅಂಟಿಸಿದ ಕ್ಯಾಸೆಟ್‌ಗಳು ನೆನಪಾಗುವುದು ಸಹಜ. ಇಲ್ಲಿ ನಡೆಯುವ ಕೆಲಸ ಅದಲ್ಲ. ಸಾಮಾನ್ಯವಾಗಿ ಮೂಲ ಧ್ವನಿಮುದ್ರಣವನ್ನು ಬದಿಗಿಟ್ಟು, ಧಾಟಿಯನ್ನು ಮಾತ್ರ ಎತ್ತಿಕೊಂಡು, ಪ್ರತಿಯೊಂದು ಸ್ವರವನ್ನೂ ಹೊಸದಾಗಿ ನುಡಿಸಲಾಗುತ್ತದೆ. ಯಾವ ವಾದ್ಯ ಯಾವಾಗ ಏನನ್ನು ನುಡಿಸಬೇಕು ಎಂದು ನಿರ್ಧರಿಸುವುದು ವಾದ್ಯಸಂಯೋಜನೆ. ನುಡಿಸಿದ್ದೆಲ್ಲ ಒಂದರ ಮೇಲೊಂದು ಬೀಳದೆ ಸ್ಪಷ್ಟವಾಗಿ ಕೇಳುವಂತೆ ಹೊಂದಿಸುವುದು ಧ್ವನಿಮಿಶ್ರಣ.

ಇದಕ್ಕೆ ಬೇಕಾದ ಸಲಕರಣೆ ಇಂದು ಅಷ್ಟೇನೂ ದುಬಾರಿಯಲ್ಲ. ಸಾಧಾರಣ ಕಂಪ್ಯೂಟರ್, ಒಳ್ಳೆಯ ಹೆಡ್‌ಫೋನ್, ಸಣ್ಣದೊಂದು ಕೀಬೋರ್ಡ್, ಒಂದು ಮೈಕ್ ಇದ್ದರೆ ಆರಂಭಿಸಬಹುದು. ಆಡಾಸಿಟಿ, ಎಲ್ಎಂಎಂಎಸ್‌ನಂತಹ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಕಷ್ಟವಿರುವುದು ಬೇರೆಡೆ. ತಂತ್ರಾಂಶದ ಜತೆಗೆ ಬರುವ ಸಿದ್ಧ ಪಿಟೀಲು, ಸಿದ್ಧ ಗಿಟಾರುಗಳನ್ನೇ ಎಲ್ಲರೂ ಬಳಸುವುದರಿಂದ ಟೋಕಿಯೊದಲ್ಲಿ ಮಾಡಿದ ರಿಮಿಕ್ಸ್‌ಗೂ ಮಂಗಳೂರಿನಲ್ಲಿ ಮಾಡಿದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಹಳೆ ಬಂದರು, ಮೀನುಗಾರಿಕಾ ದಕ್ಕೆ, ಸಗಟು ಅಂಗಡಿಗಳ ನಡುವಿನ ಮಂಗಳೂರಿನ ಬಂದರ್ ಪ್ರದೇಶದಲ್ಲಿ ನೆಲೆಸಿದ ಹವ್ಯಾಸಿಗೆ ಈ ತೊಡಕಿನಿಂದ ಪಾರಾಗುವ ಸಾಮಗ್ರಿ ಮನೆಯ ಹೊರಗೇ ಇದೆ. ಅದನ್ನು ಬಳಸುವ ಬಗೆ ಯಾವುದು, ಎಲ್ಲಿ ಎಚ್ಚರ ಬೇಕು, ಕಾನೂನು ಎಲ್ಲಿಯವರೆಗೆ ಅವಕಾಶ ಕೊಡುತ್ತದೆ ಎಂಬುದು ತಿಳಿದಿರಬೇಕಷ್ಟೆ.

ನಾಲ್ಕೈದು ಧ್ವನಿಗಳಲ್ಲಿ ಇಡೀ ವಾದ್ಯಮೇಳ

ಈ ಸಂಗೀತ ಹುಟ್ಟಿದ್ದು ಕೊರತೆಯಲ್ಲಿ. 1978ರ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಇದ್ದುದು ಕೆಳಗಿಳಿಯುವ ನಾಲ್ಕೇ ನಾಲ್ಕು ಸ್ವರ. ಶತ್ರುಗಳು ಹತ್ತಿರವಾದಂತೆ ಅವುಗಳ ವೇಗ ಹೆಚ್ಚುತ್ತಿತ್ತು, ಆಡುವವನ ಎದೆಬಡಿತವೂ. 1983ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದಲ್ಲಿ ಐದು ಧ್ವನಿಮಾರ್ಗಗಳಿದ್ದವು: ಧಾಟಿಗಾಗಿ ಎರಡು ಚೌಕ ತರಂಗ, ಕೆಳಸ್ವರಕ್ಕಾಗಿ ಒಂದು ತ್ರಿಕೋನ ತರಂಗ, ತಾಳಕ್ಕಾಗಿ ‘ಶ್’ ಎನ್ನುವ ಒಂದು ಗದ್ದಲ ಮಾರ್ಗ, ಜತೆಗೆ ಒರಟು ಗುಣಮಟ್ಟದ ತುಣುಕು ಧ್ವನಿಗಳಿಗಾಗಿ ಇನ್ನೊಂದು. ಕೋಜಿ ಕೊಂಡೊ ಅವರು 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಸಂಗೀತವನ್ನು ಇಷ್ಟರಲ್ಲೇ ಕಟ್ಟಿದರು. ಅದರ ಮುಖ್ಯ ಧಾಟಿ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ವಿಡಿಯೋ ಗೇಮ್ ಸಂಗೀತಕ್ಕೆ ಆ ಗೌರವ ಸಂದದ್ದು ಅದೇ ಮೊದಲು. 1990ರ ದಶಕದಲ್ಲಿ ನಮ್ಮ ಮನೆಗಳಿಗೆ ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ ಬಂದ ಅಗ್ಗದ ಯಂತ್ರಗಳಲ್ಲಿ ಬಹುಪಾಲು ಈ ಫ್ಯಾಮಿಕಾಮ್‌ನ ನಕಲುಗಳೇ ಆಗಿದ್ದುದರಿಂದ, ಆ ಧಾಟಿಗಳು ಇಲ್ಲಿನ ಒಂದು ಇಡೀ ಪೀಳಿಗೆಗೂ ಬಾಯಿಪಾಠ.

ಕೊರತೆಯನ್ನು ಮುಚ್ಚಲು ಅಂದಿನ ಸಂಗೀತಗಾರರು ಹೂಡಿದ ಉಪಾಯಗಳನ್ನು ಅರಿಯದೆ ಮರುಸಂಯೋಜನೆಗೆ ಕೈಹಾಕುವುದು ಸಲ್ಲದು. ಮೂರು ಸ್ವರಗಳನ್ನು ಏಕಕಾಲಕ್ಕೆ ನುಡಿಸುವ ಸೌಲಭ್ಯವಿಲ್ಲದಿದ್ದಾಗ, ಒಂದೇ ಮಾರ್ಗದಲ್ಲಿ ಆ ಮೂರನ್ನೂ ಕಣ್ಣುಮಿಟುಕಿಸುವುದರೊಳಗೆ ಒಂದರ ಹಿಂದೊಂದು ಹರಿಸುತ್ತಿದ್ದರು. ಕಿವಿಗೆ ಅದು ಗುಡುಗುಡಿಸುವ ಒಂದೇ ಸ್ವರಗುಚ್ಛವಾಗಿ ಕೇಳುತ್ತದೆ. ಇದನ್ನು ಅರಿಯದ ಹೊಸಬರು ಆ ಓಟವನ್ನೇ ಅಕ್ಷರಶಃ ಪಿಯಾನೊದಲ್ಲಿ ನುಡಿಸಲು ಹೋಗಿ ಕೈಸೋಲುವುದುಂಟು. ಸಂಯೋಜಕ ಹೇಳಬೇಕೆಂದಿದ್ದದ್ದು ಒಂದು ಸ್ವರಗುಚ್ಛ. ಹಾರ್ಮೋನಿಯಂನಲ್ಲಿ ಮೂರು ಬೆರಳು ಒತ್ತಿದರೆ ಮುಗಿಯಿತು. ಅಂತೆಯೇ, ಆಟದ ಧಾಟಿಗೆ ಕೊನೆಯೆಂಬುದು ಇರುವುದಿಲ್ಲ. ಆಟಗಾರ ಆ ಹಂತ ದಾಟುವವರೆಗೂ ಅದು ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕು. ಅದಕ್ಕೊಂದು ಆರಂಭ, ಒಂದು ಏರಿಕೆ, ಒಂದು ಮುಕ್ತಾಯ ಕೊಡುವುದೇ ಮರುಸಂಯೋಜಕನ ಮೊದಲ ಹೊಣೆ. ಸುತ್ತನ್ನು ಮೂರು ಬಾರಿ ಹಾಗೆಯೇ ನುಡಿಸಿ ಧ್ವನಿ ಕುಗ್ಗಿಸಿ ಮುಗಿಸುವುದು ಸೋಮಾರಿತನವಲ್ಲದೆ ಬೇರೇನಲ್ಲ.

ಹವ್ಯಾಸದಿಂದ ಗ್ರ್ಯಾಮಿಗೆ

ಆಟದ ಸಂಗೀತಕ್ಕೆ ಆಟದ ಹೊರಗೂ ಬಾಳುವ ಶಕ್ತಿಯಿದೆ ಎಂಬುದು ಬಲುಬೇಗ ಮನದಟ್ಟಾಯಿತು. ಜಪಾನಿನ ಹರುವೊಮಿ ಹೊಸೊನೊ 1984ರಲ್ಲಿ ನಾಮ್ಕೊ ಸಂಸ್ಥೆಯ ಆಟಗಳ ಧ್ವನಿಗಳನ್ನಿಟ್ಟುಕೊಂಡು ಒಂದು ಆಲ್ಬಂ ಹೊರತಂದರು. ಕೊಯಿಚಿ ಸುಗಿಯಾಮ ‘ಡ್ರ್ಯಾಗನ್ ಕ್ವೆಸ್ಟ್’ ಸಂಗೀತವನ್ನು ವಾದ್ಯವೃಂದಕ್ಕೆ ಅಳವಡಿಸಿ ಸಭಾಂಗಣಕ್ಕೆ ಕೊಂಡೊಯ್ದರು. ಇವರೆಲ್ಲ ವೃತ್ತಿನಿರತರು. ಹವ್ಯಾಸಿಗಳ ಕಾಲ ಬಂದದ್ದು ಮನೆಯ ಕಂಪ್ಯೂಟರಿನಲ್ಲೇ ಹಲವು ಪದರಗಳ ಧ್ವನಿಮುದ್ರಣ ಸಾಧ್ಯವಾದ ಮೇಲೆ. ಅಮೆರಿಕದಲ್ಲಿ 1999ರಲ್ಲಿ ಡೇವಿಡ್ ಲಾಯ್ಡ್ ಆರಂಭಿಸಿದ ‘ಓವರ್‌ಕ್ಲಾಕ್ಡ್ ರಿಮಿಕ್ಸ್’ ಬಳಗದ ಹವ್ಯಾಸಿಗಳಿಗೇ ಕ್ಯಾಪ್‌ಕಾಮ್ ಸಂಸ್ಥೆ ತನ್ನ ಸ್ಟ್ರೀಟ್ ಫೈಟರ್ ಆಟವೊಂದರ 2008ರ ಮರುಆವೃತ್ತಿಯ ಸಂಗೀತವನ್ನು ಒಪ್ಪಿಸಿತು. ಜಪಾನಿನಲ್ಲಿ ‘ತೊಹೊ’ ಆಟಗಳ ಕರ್ತೃ ಝುನ್ ತಮ್ಮ ಸಂಗೀತವನ್ನು ಅಭಿಮಾನಿಗಳು ಮರುಸಂಯೋಜಿಸಲು ನಿಬಂಧನೆಗಳೊಂದಿಗೆ ಅನುಮತಿ ಕೊಟ್ಟ ಫಲವಾಗಿ ಅಸಂಖ್ಯ ಆಲ್ಬಂಗಳು ಹುಟ್ಟಿದವು. 1998ರ ಆಟವೊಂದರ ‘ಬ್ಯಾಡ್ ಆಪಲ್’ ಎಂಬ ಧಾಟಿ ಇಂದು ಲೋಕಪ್ರಸಿದ್ಧವಾಗಿರುವುದು ಮೂಲರೂಪದಲ್ಲಿ ಅಲ್ಲ, 2007ರ ಹವ್ಯಾಸಿ ಮರುಸಂಯೋಜನೆಯ ರೂಪದಲ್ಲಿ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಗೇಮ್ ಸಂಗೀತಕ್ಕೆ ಮೊದಲ ಗ್ರ್ಯಾಮಿ ಪ್ರಶಸ್ತಿ ಸಂದದ್ದು 2011ರಲ್ಲಿ, ಕ್ರಿಸ್ಟೋಫರ್ ಟಿನ್ ಅವರ ‘ಬಾಬಾ ಯೆಟು’ ಕೃತಿಗೆ. ಅದು ದೊರೆತದ್ದು ವಾದ್ಯಸಂಯೋಜನೆಯ ವಿಭಾಗದಲ್ಲಿ. 2022ರಲ್ಲಿ ‘ಕರ್ಬಿ’ ಆಟದ ಒಂದು ಧಾಟಿಯನ್ನು ಜಾಝ್ ಮೇಳಕ್ಕೆ ಒಗ್ಗಿಸಿದ ‘8-ಬಿಟ್ ಬಿಗ್ ಬ್ಯಾಂಡ್’ಗೆ ಸಂದ ಗ್ರ್ಯಾಮಿಯೂ ಅಂಥದೇ. ಹೊಸ ಧಾಟಿ ಕಟ್ಟುವುದು ಮಾತ್ರ ಸೃಷ್ಟಿ, ಇದ್ದ ಧಾಟಿಗೆ ಹೊಸ ಮೈ ಕೊಡುವುದು ಕೈಚಳಕ ಎಂಬ ಎಣಿಕೆ ಎಷ್ಟು ದುರ್ಬಲವೆಂಬುದಕ್ಕೆ ಇದೇ ಸಾಕ್ಷಿ.

ಕರಾವಳಿಗೆ ಇದು ಹೊರಗಿನ ಪಾಠವೂ ಅಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮಾರುಹೋಗಿ, ಪಾಶ್ಚಾತ್ಯ ಮೇಳದ ಆ ವಾದ್ಯವನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಒಗ್ಗಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದಕ್ಷಿಣ ಕನ್ನಡದ ಮದುವೆ, ಜಾತ್ರೆ, ಕೋಲಗಳಲ್ಲಿ ಸ್ಯಾಕ್ಸೋಫೋನ್ ಊರಿನದೇ ವಾದ್ಯವೆಂಬಷ್ಟು ಸಹಜವಾಗಿತ್ತು. ಆಟಗಳ ತಯಾರಿಯೂ ಇಲ್ಲಿಗೆ ಅಪರಿಚಿತವಲ್ಲ. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ರೋಬೋಸಾಫ್ಟ್ ಸಂಸ್ಥೆಯನ್ನೂ ಬಳಿಕ ಗೇಮ್‌ಗಳಿಗೆಂದೇ 99ಗೇಮ್ಸ್ ಸಂಸ್ಥೆಯನ್ನೂ ಕಟ್ಟಿದರು.

ವ್ಯಾಪಾರಿಯ ಹಾಡು, ವ್ಯಾಪಾರದ ಊರು

ಉದಾಹರಣೆಗೆ ಒಂದು ಧಾಟಿಯನ್ನು ಎತ್ತಿಕೊಳ್ಳಬಹುದು. 1989ರ ಗೇಮ್ ಬಾಯ್ ಯಂತ್ರದ ‘ಟೆಟ್ರಿಸ್’ ಆಡಿದವರಾರೂ ಅದರ ಸಂಗೀತವನ್ನು ಮರೆಯಲಾರರು. ನಿಂಟೆಂಡೊದ ಹಿರೊಕಾಜು ತನಾಕ ಅಳವಡಿಸಿದ ಆ ಧಾಟಿ ‘ಕೊರೊಬೆಯ್ನಿಕಿ’ ಎಂಬ ರಷ್ಯನ್ ಜನಪ್ರಿಯ ಗೀತೆಯದು. ಗೀತೆಯ ಸಾಹಿತ್ಯಕ್ಕೆ ಮೂಲ ನಿಕೊಲಾಯ್ ನೆಕ್ರಾಸೊವ್ ಅವರ 1861ರ ಕವನ. ಕೊರೊಬೆಯ್ನಿಕಿ ಎಂದರೆ ಪೆಟ್ಟಿಗೆ ಹೊತ್ತು ಊರೂರು ತಿರುಗುವ ಬಟ್ಟೆಬರೆಯ ವ್ಯಾಪಾರಿಗಳು. ಗೀತೆಯಲ್ಲಿ ಅಂಥ ಒಬ್ಬ ತರುಣ ವ್ಯಾಪಾರಿಯೂ ಹಳ್ಳಿಯ ಹುಡುಗಿಯೂ ಚೌಕಾಸಿ ನಡೆಸುತ್ತಾರೆ. ಹೊತ್ತು ಮೂಡುವ ಮುನ್ನವೇ ಮೀನಿನ ಹರಾಜು, ಬಳಿಕ ದಿನವಿಡೀ ಸಗಟು ವ್ಯವಹಾರ ನಡೆಯುವ ಬಂದರ್‌ಗೆ ಇದಕ್ಕಿಂತ ಒಪ್ಪುವ ಗೇಮ್ ಧಾಟಿ ಸಿಗುವುದು ಕಷ್ಟ.

ಧಾಟಿಯ ಮೊದಲ ಭಾಗ ಪಂಚಮದಿಂದ ಹೊರಟು ಷಡ್ಜಕ್ಕೆ ಇಳಿಯುತ್ತದೆ. ಬಳಸುವ ಸ್ವರಗಳು ನಟಭೈರವಿ ಮೇಳದವು. ಗೇಮ್ ಬಾಯ್ ಆವೃತ್ತಿಯ ನಿಧಾನಗತಿಯ ಎರಡನೆಯ ಭಾಗದಲ್ಲಿ ಕಾಕಲಿ ನಿಷಾದ ಕಾಣಿಸಿಕೊಂಡು ಕೀರವಾಣಿಯ ನೆರಳು ಹಾಯುತ್ತದೆ. ಸ್ವರಗಳು ಒಂದಾದ ಮಾತ್ರಕ್ಕೆ ರಾಗ ಒಂದಾಗದು. ಆದರೂ ಕರ್ನಾಟಕ ಸಂಗೀತದ ಅಭ್ಯಾಸವಿರುವವರಿಗೆ ಈ ಗುರುತು ದಾರಿದೀಪ. ಸಂಗತಿಗಳನ್ನು ಎಲ್ಲಿ ಸೇರಿಸಬಹುದು, ಯಾವ ಸ್ವರದಲ್ಲಿ ನಿಲ್ಲಬಹುದು ಎಂಬುದು ಅದರಿಂದ ಹೊಳೆಯುತ್ತದೆ. ಎಂಟರ ಲೆಕ್ಕ ಆದಿತಾಳಕ್ಕೆ ನೇರವಾಗಿ ಕೂಡಿಬರುತ್ತದೆ.

ಮೊದಲ ಸುತ್ತನ್ನು ಹಾರ್ಮೋನಿಯಂಗೆ ಒಪ್ಪಿಸುವುದು ಉಚಿತ. ಅದರ ಸ್ವರ ಜಾರುವುದಿಲ್ಲ, ಬಳುಕುವುದಿಲ್ಲ. ಗೇಮ್ ಯಂತ್ರದ ಚೌಕ ತರಂಗದ ಸ್ವಭಾವಕ್ಕೆ ಅದೇ ಹತ್ತಿರ. ಕೇಳುಗ ಧಾಟಿಯನ್ನು ಗುರುತಿಸಿದ ಬಳಿಕವಷ್ಟೇ ಸ್ಯಾಕ್ಸೋಫೋನ್ ಪ್ರವೇಶಿಸಬೇಕು. ಎ ಮೈನರ್‌ನಲ್ಲಿ ಬರೆದುಕೊಂಡ ಧಾಟಿಯನ್ನು ಆಲ್ಟೊ ಸ್ಯಾಕ್ಸೋಫೋನ್ ವಾದಕರು ಎಫ್ ಶಾರ್ಪ್ ಮೈನರ್‌ನಲ್ಲಿ ಓದಬೇಕಾಗುತ್ತದೆ. ಇದನ್ನು ಮೊದಲೇ ಬರೆದುಕೊಡದಿದ್ದರೆ ಅರ್ಧ ದಿನ ಶ್ರುತಿ ಹೊಂದಿಸುವುದರಲ್ಲೇ ಕಳೆಯುತ್ತದೆ. ಸ್ಯಾಕ್ಸೋಫೋನ್ ಗಮಕ ಹಿಡಿದಾಗ ಕೆಳಗೆ ಕೀಬೋರ್ಡ್‌ನ ಸ್ವರಗುಚ್ಛ ಗಟ್ಟಿಯಾಗಿ ನಿಂತಿದ್ದರೆ ಎರಡೂ ತಿಕ್ಕಾಡುತ್ತವೆ. ಆ ಭಾಗದ ಮಟ್ಟಿಗೆ ಸ್ವರಗುಚ್ಛಗಳನ್ನು ತೆಗೆದು ಬರಿಯ ಶ್ರುತಿಯನ್ನು ಇಟ್ಟುಕೊಳ್ಳುವುದು ಲೇಸು.

ತಾಳವಾದ್ಯಗಳ ವಿಷಯದಲ್ಲಂತೂ ಮಂಗಳೂರು ಶ್ರೀಮಂತ. ದಸರೆಯ ಹುಲಿವೇಷದ ಹಿಂದೆ ಬಾರಿಸುವ ತಾಸೆ, ಬ್ಯಾರಿ ಸಮುದಾಯದ ದಫ್, ಕೊಂಕಣಿ ಕ್ಯಾಥೊಲಿಕರ ಗುಮಟ್ ಮೂರೂ ಒಂದೇ ಊರಿನಲ್ಲಿ ದೊರೆಯುತ್ತವೆ. ಮಣ್ಣಿನ ಗಡಿಗೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ಗುಮಟ್‌ಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೆ ರಕ್ಷಣೆ ನೀಡಿರುವುದರಿಂದ, ಈಗ ಆಡಿನ ಚರ್ಮ ಬಳಸುತ್ತಾರೆ. ಧ್ವನಿ ತುಸು ಬೇರೆ. ಕೊರೊಬೆಯ್ನಿಕಿಯನ್ನು ಹಾಡುವ, ಕುಣಿಯುವ ರೂಢಿಯಲ್ಲೂ ವೇಗ ಮೆಲ್ಲನೆ ಏರುತ್ತದೆ, ತಾಸೆಯ ಬಾರಣೆಯಲ್ಲೂ ಏರುತ್ತದೆ. ಗುಮಟ್‌ನ ಆಳದ ಗುಂಯ್‌ಕಾರದಿಂದ ಆರಂಭಿಸಿ, ದಫ್ ಕೂಡಿಸಿ, ಕೊನೆಯ ಸುತ್ತಿಗೆ ತಾಸೆ ಬಿಟ್ಟರೆ ಧಾಟಿಗೆ ಬೇಕಾದ ಏರಿಕೆ ತಾನಾಗಿ ಒದಗುತ್ತದೆ. ಮೂರನ್ನೂ ಮೊದಲ ಸುತ್ತಿನಿಂದಲೇ ಬಾರಿಸತೊಡಗಿದರೆ ಮುಂದೆ ಏರಲು ಮೆಟ್ಟಿಲೇ ಉಳಿಯದು.

ಒಂದು ಎಚ್ಚರ ಅಗತ್ಯ. ತಾಸೆ ಬಾರಿಸುವವರು ಯಂತ್ರದ ಲೆಕ್ಕಕ್ಕೆ ಬಾರಿಸುವವರಲ್ಲ. ಹೆಡ್‌ಫೋನ್‌ನಲ್ಲಿ ‘ಟಿಕ್ ಟಿಕ್’ ಕೇಳಿಸಿ ಕಟ್ಟಿಹಾಕಿದರೆ ಬಡಿತದ ಜೀವವೇ ಹೋಗುತ್ತದೆ. ಅವರನ್ನು ಸ್ವತಂತ್ರವಾಗಿ ಬಾರಿಸಲು ಬಿಟ್ಟು, ಬಳಿಕ ತಂತ್ರಾಂಶದಲ್ಲಿ ಅವರ ವೇಗಕ್ಕೆ ಮಿಕ್ಕ ವಾದ್ಯಗಳನ್ನು ಹೊಂದಿಸಿಕೊಳ್ಳುವುದು ಶ್ರಮದ ಕೆಲಸವಾದರೂ ಸರಿಯಾದ ಕ್ರಮ. ಅವರ ಹೆಸರನ್ನು ಕೃತಿಯ ಜತೆಗೆ ನಮೂದಿಸುವುದು, ಸಂಭಾವನೆ ಕೊಡುವುದು ಕನಿಷ್ಠ ಸೌಜನ್ಯ. ಸಂಯೋಜಕ ಹವ್ಯಾಸಿಯಾದ ಮಾತ್ರಕ್ಕೆ ವಾದಕನೂ ಪುಕ್ಕಟೆಯಾಗಿ ದುಡಿಯಬೇಕೆಂದಿಲ್ಲ.

ದಕ್ಕೆಯ ಸದ್ದು ಮತ್ತು ಮಿಶ್ರಣ

ಬೋಟುಗಳ ಎಂಜಿನ್, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೆ ಮೂಟೆ ಏರಿಸುವ ಸದ್ದು, ಹರಾಜಿನ ಕೂಗು ಇವೆಲ್ಲ ಆರಂಭಕ್ಕೂ ಮಧ್ಯಂತರಕ್ಕೂ ಒದಗಬಲ್ಲ ಸಾಮಗ್ರಿ. ಮೊಬೈಲಿನಲ್ಲೇ ಮುದ್ರಿಸಬಹುದಾದರೂ ಮೈಕ್‌ಗೆ ಗಾಳಿ ತಡೆಯುವ ಸ್ಪಂಜು ಬೇಕೇ ಬೇಕು. ಗುರುತು ಸಿಗುವಂತೆ ಒಬ್ಬರ ಕೂಗನ್ನು ಬಳಸುವುದಾದರೆ ಅವರನ್ನು ಕೇಳಿ ಬಳಸಬೇಕು. ಹೀಗೆ ತಂದ ಸದ್ದುಗಳಲ್ಲಿ ಎಂಜಿನ್ನಿನ ಗುಡುಗು ತಳದಲ್ಲಿ ತುಂಬಿಕೊಂಡಿರುತ್ತದೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸದಿದ್ದರೆ ಗುಮಟ್ ಎಲ್ಲಿದೆ ಎಂದೇ ತಿಳಿಯದು.

ಮಿಶ್ರಣದ ಬಹುಪಾಲು ಕೆಲಸ ಹೀಗೆ ಜಾಗ ಬಿಡಿಸಿಕೊಡುವುದೇ. 200ರಿಂದ 400 ಹರ್ಟ್ಸ್‌ನ ಆಸುಪಾಸಿನಲ್ಲಿ ಹಾರ್ಮೋನಿಯಂ, ಸ್ಯಾಕ್ಸೋಫೋನ್, ದಫ್ ಮೂರೂ ಒಟ್ಟಾಗಿ ಧ್ವನಿ ಕೆಸರಾಗುತ್ತದೆ. ಆಗ ಎಲ್ಲವನ್ನೂ ಜೋರು ಮಾಡುವುದಕ್ಕಿಂತ, ಆ ಹೊತ್ತಿಗೆ ಮುಖ್ಯವಲ್ಲದ ವಾದ್ಯದ ಆ ಭಾಗವನ್ನು ಎರಡು ಮೂರು ಡೆಸಿಬಲ್ ತಗ್ಗಿಸುವುದು ಮೇಲು. ತಾಳದ ತಳಸ್ವರ ಮಧ್ಯದಲ್ಲಿರಲಿ; ದಫ್ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ ತುಸು ಸರಿಯಲಿ. ತಾಸೆ ಕಿವಿಗೆ ಚುಚ್ಚುವ ವಾದ್ಯವಾದ್ದರಿಂದ ಅದನ್ನು ತುಸು ದೂರದಿಂದ, ಸಾಧ್ಯವಾದರೆ ಬಯಲಿನಲ್ಲಿ ಮುದ್ರಿಸುವುದು ಒಳಿತು. ಪ್ರತಿಧ್ವನಿಯ ಯಂತ್ರವನ್ನು ಉಪ್ಪಿನಂತೆ ಬಳಸಬೇಕು.

ಕೊನೆಯಲ್ಲಿ ಒಟ್ಟು ಧ್ವನಿಮಟ್ಟವನ್ನು ಗರಿಷ್ಠಕ್ಕೆ ಏರಿಸಿ ಗೆಲ್ಲುವ ಯತ್ನ ವ್ಯರ್ಥ. ಯೂಟ್ಯೂಬ್, ಸ್ಪಾಟಿಫೈನಂತಹ ವೇದಿಕೆಗಳು ಸುಮಾರು ಮೈನಸ್ 14 ಎಲ್‌ಯುಎಫ್ಎಸ್‌ಗಿಂತ ಜೋರಾದ ಧ್ವನಿಯನ್ನು ತಾವೇ ತಗ್ಗಿಸುತ್ತವೆ. ಹಿಂಡಿ ಜೋರು ಮಾಡಿದ್ದರ ಫಲವಾಗಿ ಉಳಿಯುವುದು ಜೀವ ಕಳೆದುಕೊಂಡ ಬಡಿತ ಮಾತ್ರ. ಹೆಡ್‌ಫೋನ್‌ನಲ್ಲಿ ಮುಗಿಸಿದ ಮಿಶ್ರಣವನ್ನು ಕಾರಿನಲ್ಲಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ನೋಡುವುದು ಹಳೆಯ ಅಭ್ಯಾಸ, ಇಂದಿಗೂ ಒಳ್ಳೆಯ ಅಭ್ಯಾಸ. ಕರಾವಳಿಯ ತೇವ ಕಂಡೆನ್ಸರ್ ಮೈಕ್‌ಗಳ ವೈರಿ. ಮಳೆಗಾಲದಲ್ಲಿ ಅವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಇಡದಿದ್ದರೆ ಕರಕರ ಸದ್ದು ತಪ್ಪದು.

ಮುಟ್ಟಬಾರದ ಧ್ವನಿಗಳು

ಬಂದರ್ ಸುತ್ತಲಿನ ಶಬ್ದಲೋಕದಲ್ಲಿ ಮಸೀದಿಯ ಬಾಂಗ್, ದೇವಾಲಯದ ಗಂಟೆ, ಇಗರ್ಜಿಯ ಪ್ರಾರ್ಥನೆ ಎಲ್ಲವೂ ಸೇರಿವೆ. ಮುದ್ರಿಸುವಾಗ ಇವು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಪ್ರಾರ್ಥನೆಯ ಮಾತುಗಳನ್ನು ಆಟದ ಸಂಗೀತಕ್ಕೆ ಬೆರೆಸಿ ದೊಡ್ಡ ಸಂಸ್ಥೆಗಳೇ ಕೈಸುಟ್ಟುಕೊಂಡಿವೆ. 1998ರ ‘ಝೆಲ್ಡಾ: ಒಕರಿನಾ ಆಫ್ ಟೈಮ್’ ಆಟದ ಅಗ್ನಿ ದೇಗುಲದ ಸಂಗೀತದಲ್ಲಿ ಇಸ್ಲಾಮೀ ಪ್ರಾರ್ಥನೆಯ ತುಣುಕು ಇತ್ತು, ನಿಂಟೆಂಡೊ ಮುಂದಿನ ಪ್ರತಿಗಳಲ್ಲಿ ಅದನ್ನು ತೆಗೆದುಹಾಕಿತು. ಆ ತುಣುಕು ಬಂದಿದ್ದು ಮಾರಾಟಕ್ಕಿದ್ದ ಸಿದ್ಧ ಧ್ವನಿಸಂಗ್ರಹವೊಂದರಿಂದ. 2008ರ ಅಕ್ಟೋಬರಿನಲ್ಲಿ ಸೋನಿ ಸಂಸ್ಥೆ ‘ಲಿಟಲ್ ಬಿಗ್ ಪ್ಲಾನೆಟ್’ ಆಟದ ಬಿಡುಗಡೆಯನ್ನೇ ಮುಂದೂಡಿ ಪ್ರತಿಗಳನ್ನು ಹಿಂಪಡೆಯಿತು. ಮಾಲಿ ದೇಶದ ತುಮಾನಿ ದಿಯಾಬಾತೆ ಅವರ ಹಾಡೊಂದರಲ್ಲಿ ಕುರಾನಿನ ಪದಗುಚ್ಛಗಳಿದ್ದುದು ಕಾರಣ. ಹಾಡಿದವರಿಗೆ ಅದು ಭಕ್ತಿ. ಆಟದ ಗದ್ದಲದ ನಡುವೆ ಕೇಳಿದವರಿಗೆ ಅಪಚಾರ. ಅರ್ಥ ತಿಳಿಯದ ಗಾಯನ ತುಣುಕನ್ನು, ಅದು ಎಷ್ಟೇ ಇಂಪಾಗಿರಲಿ, ಬಳಸದಿರುವುದು ಕ್ಷೇಮ. ಪ್ರಾರ್ಥನೆಯ ಹೊತ್ತು ನೋಡಿಕೊಂಡು ಮುದ್ರಣಕ್ಕೆ ಇಳಿಯುವುದು ಅದಕ್ಕಿಂತ ಸುಲಭ.

ಕಾನೂನಿನ ಗೆರೆ

ಲಾಭದ ಉದ್ದೇಶವಿಲ್ಲದ ಹವ್ಯಾಸಕ್ಕೆ ಅನುಮತಿ ಬೇಕಿಲ್ಲ ಎಂಬ ನಂಬಿಕೆ ವ್ಯಾಪಕ. ಅದು ಸರಿಯಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಮರುಸಂಯೋಜನೆಯೂ ‘ರೂಪಾಂತರ’ದ ವ್ಯಾಖ್ಯೆಯಲ್ಲಿ ಬರುತ್ತದೆ, ರೂಪಾಂತರದ ಹಕ್ಕು ಕೃತಿಸ್ವಾಮ್ಯ ಉಳ್ಳವರದು. 52ನೇ ಕಲಂ ಖಾಸಗಿ ಬಳಕೆಗೆ ವಿನಾಯಿತಿ ಕೊಡುತ್ತದೆ. ಮನೆಯಲ್ಲಿ ಕಟ್ಟಿ, ಕಲಿಕೆಗಾಗಿ ಕೇಳಿಕೊಂಡರೆ ತೊಂದರೆಯಿಲ್ಲ. ಲೋಕಕ್ಕೆಲ್ಲ ಕೇಳಿಸುವಂತೆ ಪ್ರಕಟಿಸುವುದು ಖಾಸಗಿ ಬಳಕೆಯಾಗದು. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಂ ಮರುಧ್ವನಿಮುದ್ರಣಕ್ಕೆ ಶಾಸನಬದ್ಧ ಪರವಾನಗಿಯ ದಾರಿ ತೆರೆದಿದೆಯಾದರೂ ಹವ್ಯಾಸಿಗೆ ಅದರಿಂದ ಪ್ರಯೋಜನ ಕಡಿಮೆ. ಮೂಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಗಡ ರಾಯಧನ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ಮೇಲಾಗಿ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗೆ ಅಲ್ಲಿ ಅವಕಾಶವಿಲ್ಲ. ಮರುಸಂಯೋಜನೆಯ ಜೀವಾಳವೇ ಬದಲಾವಣೆ.

ವಾಸ್ತವದಲ್ಲಿ ಹಲವು ಗೇಮ್ ಸಂಸ್ಥೆಗಳು ಹವ್ಯಾಸಿಗಳ ಕೆಲಸವನ್ನು ಕಂಡೂ ಕಾಣದಂತಿರುತ್ತವೆ. ಹಣ ಕೈಬದಲಾದಾಗ ಧೋರಣೆಯೂ ಬದಲಾಗುತ್ತದೆ. ‘ಫೈನಲ್ ಫ್ಯಾಂಟಸಿ 6’ ಸಂಗೀತದ ಮರುಸಂಯೋಜನೆಗೆ ಓವರ್‌ಕ್ಲಾಕ್ಡ್ ರಿಮಿಕ್ಸ್ ಬಳಗ 2012ರಲ್ಲಿ ನಡೆಸಿದ ನಿಧಿ ಸಂಗ್ರಹ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ಆಕ್ಷೇಪದಿಂದಾಗಿ ನಿಂತಿತು. ಮಾತುಕತೆಯ ಬಳಿಕ ಮತ್ತೆ ಆರಂಭವಾಗಿ, ಆಲ್ಬಂ 2013ರಲ್ಲಿ ಉಚಿತವಾಗಿ ಹೊರಬಂತು. ಪ್ರತಿಯೊಬ್ಬ ಹವ್ಯಾಸಿಗೂ ಅಂಥ ಮಾತುಕತೆಯ ಬಲ ಇರುವುದಿಲ್ಲ.

ಕೊರೊಬೆಯ್ನಿಕಿಯಂತಹ ಧಾಟಿಯ ಆಯ್ಕೆ ಈ ಕಾರಣಕ್ಕೂ ಜಾಣತನದ್ದು. ನೆಕ್ರಾಸೊವ್ 1878ರಲ್ಲಿ ತೀರಿಕೊಂಡರು. ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷಗಳಷ್ಟೇ ಉಳಿಯುವುದರಿಂದ ಸಾಹಿತ್ಯದ ತಕರಾರಿಲ್ಲ, ಹಳೆಯ ಜನಪದ ಧಾಟಿಗೂ ಒಡೆಯರಿಲ್ಲ. ಆದರೆ ತನಾಕ ಅವರ ಗೇಮ್ ಬಾಯ್ ಸಂಯೋಜನೆ ಹಾಗಲ್ಲ. ಕೀರವಾಣಿಯ ನೆರಳಿನ ಆ ಎರಡನೆಯ ಭಾಗ, ಅದರ ನಿರ್ದಿಷ್ಟ ಕೆಳಸ್ವರ ನಡೆ ಇವುಗಳನ್ನು ಬಿಟ್ಟು ಗೀತೆಯ ಮೊದಲ ಭಾಗದಿಂದಲೇ ಸ್ವಂತ ಬೆಳವಣಿಗೆ ಕಟ್ಟಿಕೊಂಡು, ಶೀರ್ಷಿಕೆಗೆ ಟ್ರೇಡ್‌ಮಾರ್ಕ್ ಆಗಿರುವ ಟೆಟ್ರಿಸ್ ಹೆಸರಿನ ಬದಲು ಗೀತೆಯ ಹೆಸರನ್ನೇ ಇಟ್ಟರೆ ಪ್ರಕಟಣೆಗೆ ಅಳುಕಬೇಕಿಲ್ಲ.

ದಕ್ಕೆಯ ಸದ್ದು ಬೇಕೆನ್ನುವವರು ಕಾಲವನ್ನೂ ನೋಡಿಕೊಳ್ಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಬೋಟುಗಳು ದಡದಲ್ಲೇ ಉಳಿಯುತ್ತವೆ. ಮುದ್ರಣಕ್ಕೆ ಆಗಸ್ಟಿನ ಬಳಿಕ ಹೋಗುವುದು ಸೂಕ್ತ. ಮಳೆಯ ಆ ದಿನಗಳು ಮಿಶ್ರಣದ ಕೆಲಸಕ್ಕೆ ಒದಗುತ್ತವೆ.